ತೊಳೆದು ಕೊಟ್ಟ ಗಾಡಿ

ಊಟಕ್ಕೆ ಮತ್ತೆ ಮೊಟ್ಟೆಯೇ. ಬೆಳಿಗ್ಗೆ ಬ್ರೆಡ್ಡಿನ ಜೊತೆ ಹುರಿದ ಮೊಟ್ಟೆ, ಮಧ್ಯಾಹ್ನ ಅನ್ನದ ಮೇಲೆ ಒಡೆದು ಹಾಕಿದ ಮೊಟ್ಟೆ, ಈಗ ಈರುಳ್ಳಿ ಹಾಕಿ ಕಲಸಿದ ಮೊಟ್ಟೆ. ದೊರೆ ತಟ್ಟೆಯನ್ನು ಒಂದೇ ಬೆರಳಲ್ಲಿ ಮುಂದಕ್ಕೆ ತಳ್ಳಿದ.

“ಇನ್ನೆರಡು ದಿನ ಹೀಗೇ ತಿಂದ್ರೆ ನಾನು ಕೋಳಿ ಥರ ಕೂಗೋಕೆ ಶುರುಮಾಡ್ತೀನಿ.”

“ಕೂಗಪ್ಪ. ಬೆಳಗಾಗ್ತಿದ್ದ ಹಾಗೆ ಏಳೋ ಪ್ರಾಣಿ ಇನ್ನೊಂದು ಈ ಮನೇಲಿ ಆದಂಗಾಯ್ತು,” ಅಂದಳು ಅತ್ತೆ.

ದೊರೆ ಅಂದರೆ ಮನೆಯ ಕಿರಿಮಗ. ಹೆಸರು ಬೇರೆ ಇತ್ತು. ಆದರೆ ಬಿಸಿಲು ಬಾಗಿಲಿಗೆ ಬಂದ ಮೇಲೆ ಎದ್ದು, ಕೂದಲು ಒಣಗಿಸೋ ಮಿಷನ್ ಹಿಡಿದು ಕನ್ನಡಿಯ ಮುಂದೆ ನಿಲ್ಲುವವನನ್ನು ಬೀದಿಯವರು ಮತ್ತೇನಂತ ಕರೆದಾರು.

ಸೊಸೆ ಸೌಟು ಹಿಡಿದು ಒಲೆಯ ಪಕ್ಕ ನಿಂತಿದ್ದಳು. ಮೊಟ್ಟೆ ಬಂದದ್ದು ಅವಳ ಗಾಡಿಯಿಂದ, ಹಾಗಾಗಿ ಬೈಗುಳವೂ ಅವಳದೇ. ಕೋಳಿ ಫಾರಮ್ಮಿನಿಂದ ಊರಿನ ಅಂಗಡಿಗಳಿಗೆ ಮೊಟ್ಟೆ ಸಾಗಿಸುವುದು ಅವಳ ಕೆಲಸ. ನೆಟ್ಟಗೆ ತಲುಪಿದ್ದು ಅಂಗಡಿಗೆ, ಬಿರುಕು ಬಿಟ್ಟದ್ದು ಡ್ರೈವರ್ ಪಾಲಿಗೆ. ಮೊದಲೆಲ್ಲ ವಾರಕ್ಕೊಂದು ಬೋಗುಣಿ ತುಂಬಿದರೆ ಹೆಚ್ಚು. ಈಗ ದಿನಾ ಬಕೆಟ್ಟು.

“ಗಾಡಿ ಮಿಸ್ಸಿಂಗ್ ಹೊಡೀತಿದೆ,” ಅಂದಳು. “ಏರಿನಲ್ಲಿ ಮುಗ್ಗರಿಸುತ್ತೆ, ಆಮೇಲೆ ತಟ್ಟಂತ ಹಾರುತ್ತೆ. ಹಾರಿದ ಕೂಡಲೇ ಹಿಂದಿನ ಟ್ರೇ ಎಲ್ಲ ಒಂದರ ಮೇಲೊಂದು.”

ಮಾವ ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿದರು. “ಜೀವಮಾನ ಎಲ್ಲ ಲಾರೀಲಿ ಗಾಜು ಹೊತ್ತಿದೀನಿ ನಾನು. ಕಿಟಕಿ ಗಾಜು, ಆಳೆತ್ತರದ ಕನ್ನಡಿ. ಯಾವತ್ತೂ ಗಾಡಿ ಮುಗ್ಗರಿಸ್ತು ಅಂತ ಮನೆಗೆ ಬಂದು ಹೇಳಿದವನಲ್ಲ. ಮುಗ್ಗರಿಸೋದು ಗಾಡಿ ಅಲ್ಲಮ್ಮ, ಕಾಲು.”

“ನನ್ನ ಕಾಲು ಎರಡು ವರ್ಷ ಚೆನ್ನಾಗೇ ಇತ್ತಲ್ಲ ಮಾವ?”

“ಅದೃಷ್ಟ ಇತ್ತು. ಮುಗೀತು.”

ಮೂಲೆಯಲ್ಲಿ ಊಟ ಮಾಡುತ್ತಿದ್ದ ಅವಳ ಗಂಡ ತಲೆ ಎತ್ತಲಿಲ್ಲ. ಅವನು ದರ್ಜಿ. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವಾಗ ಬಿಟ್ಟರೆ ಬೇರೆಲ್ಲೂ ಅವನು ನೇರವಾಗಿ ಹೋದವನಲ್ಲ. ಮಾತೆಲ್ಲ ಅಡ್ಡಗೋಡೆಯ ಮೇಲಿನ ದೀಪ. “ಇಬ್ಬರೂ ಹೇಳೋದರಲ್ಲೂ ಸ್ವಲ್ಪ ಸ್ವಲ್ಪ ಇದೆ,” ಅಂದ.

“ಸ್ವಲ್ಪ ಉಪ್ಪು ಇದೆಯೇನೋ ನೋಡಿ,” ಅಂದಳು ಸೊಸೆ, ಅವನ ತಟ್ಟೆಗೆ ಇನ್ನೊಂದು ಸೌಟು ಮೊಟ್ಟೆ ಬಡಿದು.

ಆ ಗಾಡಿಯನ್ನು ಅವಳ ಕೈಗೆ ಯಾರೂ ಪ್ರೀತಿಯಿಂದ ಕೊಟ್ಟದ್ದಲ್ಲ. ಮಾವನ ಕಣ್ಣು ಮಂಜಾಯಿತು, ಲೈಸೆನ್ಸ್ ಹೊಸದು ಮಾಡಿಕೊಡಲಿಲ್ಲ, ಲಾರಿ ಮಾರಿ ಯಾರೋ ಓಡಿಸಿ ಬಿಟ್ಟ ಒಂದು ಪೆಟ್ರೋಲ್ ಪಿಕಪ್ ತಂದರು. ದೊಡ್ಡ ಮಗನಿಗೆ ರಸ್ತೆ ಅಂದರೆ ಭಯ. ದೊರೆ, “ಮೊಟ್ಟೆ ಗಾಡಿ ನಾನು ಓಡಿಸಲ್ಲ, ಹುಡುಗರು ನಗ್ತಾರೆ,” ಅಂದುಬಿಟ್ಟ. ಉಳಿದವಳು ಇವಳು. ಕಲಿತಳು. ಫಾರಮ್ಮಿನ ಒಡತಿಯನ್ನು ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದರು. ಆ ಅಕ್ಕ ಮೊದಲ ತಿಂಗಳು ಸಂಶಯದಿಂದ ನೋಡಿ, ಎರಡನೇ ತಿಂಗಳಿಂದ ದೂರದ ಅಂಗಡಿಗಳನ್ನೂ ಇವಳಿಗೇ ಕೊಟ್ಟಿದ್ದಳು.

ಮಾವ ಬಿಟ್ಟುಕೊಡದೆ ಉಳಿಸಿಕೊಂಡದ್ದು ಒಂದೇ ಕೆಲಸ: ಬೆಳಿಗ್ಗೆ ಗಾಡಿ ತೊಳೆಯುವುದು. ಲಾರಿ ಇದ್ದಾಗಿನ ಪದ್ಧತಿ. ತೊಳೆಯದೆ ಚಕ್ರ ಉರುಳಬಾರದು. ತೊಳೆದು, ಒರೆಸಿ, ಕೀಲಿ ಸೊಸೆಯ ಕೈಗಿಟ್ಟು, “ಮದುವಣಗಿತ್ತಿ ಹಾಗೆ ಮಾಡಿ ಕೊಟ್ಟಿದೀನಿ, ಹುಷಾರು,” ಅನ್ನುವರು. ಅವರು ಕೊಡುವ ತನಕ ಕೀಲಿ ಮುಟ್ಟುವ ಹಾಗಿಲ್ಲ. ಅವಳು ಆ ಹೊತ್ತಿಗೆ ಹಿಂದಿನ ಒಲೆಮನೆಯಲ್ಲಿ ಐದು ಜನರ ತಿಂಡಿ ಮಾಡುತ್ತಿರುತ್ತಿದ್ದಳು. ಇತ್ತೀಚೆಗೆ, ಕಾರು ತೊಳೆಯುವ ಅಂಗಡಿಯೊಂದು ಬಾಗಿಲು ಮುಚ್ಚಿದಾಗ ಅಲ್ಲಿಂದ ದೊರೆ ಒಂದು ಪಂಪು ಹೊತ್ತು ತಂದಿದ್ದ. ಅಪ್ಪನಿಗೆ ಅಂತ. ಕೈ ನೋಯಿಸಿಕೊಂಡು ಬಕೆಟ್ಟು ಎತ್ತೋದು ಬೇಡ, ಗುಂಡಿ ಒತ್ತಿದರೆ ನೀರು ಈಟಿಯ ಹಾಗೆ ಹೋಗುತ್ತೆ ಅಂತ. ಮಗ ಮನೆಗೆ ತಂದ ಮೊದಲ ವಸ್ತು ಅಂತ ಮಾವ ಅದನ್ನು ಮಲಗುವ ಕೋಣೆಯಲ್ಲೇ ಇಟ್ಟುಕೊಂಡಿದ್ದರು.

ಮರುದಿನ ಮಾವನೇ ಅವಳನ್ನು ತಮ್ಮ ಹಳೆಯ ಗೆಳೆಯನ ಗ್ಯಾರೇಜಿಗೆ ಕರೆದುಕೊಂಡು ಹೋದರು. ಮೇಸ್ತ್ರಿ ಬಾನೆಟ್ ಎತ್ತಿ, ತಲೆ ಓರೆ ಮಾಡಿ, ವೈದ್ಯನ ಹಾಗೆ ಕಿವಿಗೊಟ್ಟ.

“ಯಾರು ಓಡಿಸೋದು?”

“ಸೊಸೆ.”

“ಹಾಗಾದ್ರೆ ಸರಿ,” ಅಂದ, ಕಾಯಿಲೆ ಸಿಕ್ಕಿಬಿಟ್ಟ ಧಾಟಿಯಲ್ಲಿ. “ಹಾಫ್ ಕ್ಲಚ್ಚಲ್ಲೇ ಎಳೀತಾರೆ, ತಪ್ಪು ಗೇರಲ್ಲಿ ಏರು ಹತ್ತಿಸ್ತಾರೆ. ಇಂಜಿನ್ ಪಾಪ ಎಷ್ಟಂತ ತಡೀತದೆ.”

“ಅಣ್ಣ, ಒಂದು ಸಾರಿ ನನ್ನ ಪಕ್ಕ ಕೂತು ನೋಡಿ,” ಅಂದಳು ಸೊಸೆ.

“ನೋಡೋದೇನಮ್ಮ, ಕೇಳಿಸ್ತಿದೆಯಲ್ಲ.”

ಪೆಟ್ರೋಲ್ ಫಿಲ್ಟರ್ ಬದಲಾಯಿಸಿದ. ಇದರಲ್ಲಿ ಹೋಗದಿದ್ದರೆ ಇಂಜಿನ್ನೇ ಇಳಿಸಿ ಬಿಚ್ಚಬೇಕು ಅಂದ. ಅದರಲ್ಲಿ ಹೋಗಲಿಲ್ಲ. ಮಾರನೇ ಬೆಳಿಗ್ಗೆ ಶಾಲೆಯ ಎದುರಿನ ಏರಿನಲ್ಲಿ ಗಾಡಿ ಕೆಮ್ಮಿ, ನಡುಗಿ, ಹಾರಿತು. ಹಿಂದೆ ಮೊಟ್ಟೆ ಒಡೆದ ಸದ್ದು ಅವಳಿಗೆ ಬೆನ್ನಲ್ಲಿ ಕೇಳಿಸಿತು. ಅಂಗಡಿಯವನೊಬ್ಬ ಅಂಟಂಟಾದ ಟ್ರೇ ಎತ್ತಿ ತೋರಿಸಿ, “ಇದನ್ನ ಬಾಟ್ಲೀಲಿ ತುಂಬಿ ತನ್ನಿ, ಮಾರೋದು ಸುಲಭ,” ಅಂದ. ಪಕ್ಕದವರು ನಕ್ಕರು. ಅವಳೂ ನಕ್ಕಳು. ಗಾಡಿಗೆ ವಾಪಸ್ ಬಂದು ಸ್ಟೀರಿಂಗ್ ಮೇಲೆ ಮುಷ್ಟಿಯಿಂದ ಗುದ್ದಿದಳು.

ಆ ವಾರ ಮಾವನಿಗೆ ಜ್ವರ ಬಂತು. ಹಾಸಿಗೆಯಿಂದಲೇ ಕೀಲಿ ಕೊಟ್ಟರು, “ತೊಳೀದೆ ಹೋಗ್ತಿದೀಯ, ನಿನ್ನಿಷ್ಟ,” ಅಂತ ಗೊಣಗಿದರು. ಮೊದಲ ದಿನ ಗಾಡಿ ಎಂದಿನಂತೆ ಮುಗ್ಗರಿಸಿತು. ಎರಡನೇ ದಿನ ಪರವಾಗಿಲ್ಲ ಅನ್ನಿಸಿತು. ಮೂರನೇ ದಿನ ಶಾಲೆಯ ಏರು ಹತ್ತುವಾಗ ಅವಳು ಉಸಿರು ಬಿಗಿಹಿಡಿದು ಕೂತಳು. ಗಾಡಿ ಸುಮ್ಮನೆ ಹತ್ತಿಬಿಟ್ಟಿತು.

“ಅತ್ತೆ, ವಿಚಿತ್ರ ನೋಡಿ,” ಅಂದಳು ಮನೆಗೆ ಬಂದು. “ಮಾವ ಮಲಗಿದ ಮೇಲೆ ಗಾಡಿಗೆ ವಾಸಿಯಾಗ್ತಿದೆ.”

ಅತ್ತೆ ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು. ಕೈ ಒಂದು ಗಳಿಗೆ ನಿಂತಿತು. “ಹಾಗಾ,” ಅಂದಳು. ಮತ್ತೆ ಆರಿಸತೊಡಗಿದಳು. ಎಲ್ಲದಕ್ಕೂ ಒಂದು ಮಾತು ಮುಂದಿಡುವ ಅತ್ತೆ ಅಷ್ಟಕ್ಕೇ ನಿಲ್ಲಿಸಿದ್ದು ಸೊಸೆಗೆ ಆಗ ಏನೂ ಅನ್ನಿಸಲಿಲ್ಲ.

ಮಾವ ಎದ್ದರು, ಗಾಡಿ ಮತ್ತೆ ಮಲಗಿತು. ಈ ಸಲ ಮೊದಲಿಗಿಂತ ಕೆಟ್ಟದಾಗಿ. ಮಧ್ಯಾಹ್ನದ ಹೊತ್ತಿಗೆ ಸುಧಾರಿಸುತ್ತಿದ್ದದ್ದು ಈಗ ಸಂಜೆಯಾದರೂ ನಡುಗುತ್ತಲೇ ಇತ್ತು. ಎದುರಿನ ಫಲಕದಲ್ಲಿ ಇಂಜಿನ್ನಿನ ಹಳದಿ ದೀಪ ಮಿಟುಕತೊಡಗಿತು. ವಾರದ ಕೊನೆಯಲ್ಲಿ ಫಾರಮ್ಮಿಗೆ ಹೋದಾಗ ಅಕ್ಕ ಲೋಡು ಕೊಡದೆ ಕುರ್ಚಿ ಕೊಟ್ಟಳು. ಅದೇ ಕೆಟ್ಟ ಸೂಚನೆ.

“ಸೋಮವಾರದಿಂದ ನಿನ್ನ ಮೈದುನ ಬರ್ತಾನಲ್ಲ, ಅವನಿಗೇ ಕೊಡ್ತೀನಿ ಬಿಡು.”

“ಯಾರು ಹೇಳಿದ್ದು?”

“ನಿನ್ನ ಮಾವನೇ ಫೋನ್ ಮಾಡಿದ್ರಲ್ಲ. ಸೊಸೆಗೆ ಇನ್ನೂ ಕೈ ಹಿಡಿತ ಬಂದಿಲ್ಲ, ನಮ್ಮ ಹುಡುಗನ್ನ ಕಳಿಸ್ತೀನಿ ಅಂದ್ರು. ಯಾಕೆ, ನಿಂಗೆ ಗೊತ್ತಿಲ್ವಾ?”

ಅವಳ ಕಿವಿ ಕಾದ ಕಬ್ಬಿಣದ ಹಾಗಾಯಿತು. ಖಾಲಿ ಗಾಡಿ ಮನೆಗೆ ತಂದಳು. ಚಪ್ಪಲಿ ಬಿಡದೆ ಒಳಗೆ ಹೋದಳು.

“ಮಾವ, ಅಕ್ಕನಿಗೆ ಫೋನ್ ಮಾಡಿದ್ರಾ?”

“ಮಾಡಿದೆ.”

“ನನಗೆ ಒಂದು ಮಾತು ಹೇಳದೆ?”

“ಹೇಳಿದ್ರೆ ಒಪ್ತಿದ್ಯಾ?”

“ಒಪ್ತಿರಲಿಲ್ಲ.”

“ಅದಕ್ಕೇ ಹೇಳ್ಲಿಲ್ಲ,” ಅಂದರು ಮಾವ, ಲೋಕದಲ್ಲಿ ಇದಕ್ಕಿಂತ ನ್ಯಾಯವಾದ ಮಾತಿಲ್ಲ ಅನ್ನುವ ಹಾಗೆ.

ದೊರೆ ಬಾಗಿಲಿಗೆ ಒರಗಿ, “ಅತ್ತಿಗೆ, ನಿಮಗೂ ಸ್ವಲ್ಪ ವಿಶ್ರಾಂತಿ ಸಿಗುತ್ತೆ,” ಅಂದ.

“ವಿಶ್ರಾಂತಿ ಎಂಥದ್ದು ಅಂತ ನಿನ್ನ ನೋಡಿ ತಿಳ್ಕೊಂಡಿದೀನಪ್ಪ. ನನಗೆ ಬೇಡ. ಮೊಟ್ಟೆ ಗಾಡಿ ಓಡಿಸಿದ್ರೆ ಹುಡುಗರು ನಗ್ತಿದ್ರಲ್ಲ, ಅವರೆಲ್ಲ ಈಗ ಊರು ಬಿಟ್ಟರಾ?” ಗಂಡನ ಕಡೆ ತಿರುಗಿದಳು. “ನೀವು ಏನಾದ್ರೂ ಹೇಳ್ತೀರಾ, ಅಥವಾ ಇವತ್ತೂ ಸ್ವಲ್ಪ ಸ್ವಲ್ಪ ಇದೆಯಾ?”

ಗಂಡ ಹೊಲಿಗೆ ಯಂತ್ರದ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ತಿರುಗಿಸಿದ. “ಗಾಡಿ ಸರಿಹೋದರೆ ಎಲ್ಲ ಸರಿಹೋಗುತ್ತೆ.”

“ಸರಿ,” ಅಂದಳು. “ಗಾಡಿ ನಾನೇ ನೋಡ್ತೀನಿ. ಆಮೇಲೆ ಉಳಿದದ್ದು ನೋಡ್ತೀನಿ.”

ಭಾನುವಾರ ಲೋಡಿಲ್ಲ. ಬೆಳಿಗ್ಗೆ ಮಾವ ಎಂದಿನ ಹಾಗೆ ತೊಳೆದು ಒರೆಸಿ ಕೀಲಿಯನ್ನು ತಮ್ಮ ಜೇಬಿಗೇ ಹಾಕಿಕೊಂಡಿದ್ದರು. ಅವಳು ಕೈ ಚಾಚಿದಳು. ಚಾಚಿದ ಕೈ ಹಿಂದಕ್ಕೆ ಹೋಗುವ ಲಕ್ಷಣ ಕಾಣದೆ ಅವರು ಕೊಟ್ಟರು. ತಿಂಡಿಯ ಪಾತ್ರೆ ಹಾಗೇ ಬಿಟ್ಟು ಅವಳು ಅಂಗಳದಲ್ಲಿ ಬಾನೆಟ್ ಎತ್ತಿದಳು. ಫೋನನ್ನು ಬ್ಯಾಟರಿಗೆ ಒರಗಿಸಿ ವಿಡಿಯೋ ಹಚ್ಚಿದಳು. ಅದರಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ ತನಗೆ ತೋಚಿದ ಭಾಷೆಯಲ್ಲಿ ಮಾತಾಡುತ್ತಿದ್ದ. ಮಾತು ಅವಳಿಗೆ ಅರ್ಥವಾಗಲಿಲ್ಲ, ಕೈ ಅರ್ಥವಾಯಿತು. ಓಡುತ್ತಿರುವ ಇಂಜಿನ್ನಿನಲ್ಲಿ ಪ್ಲಗ್ಗಿಗೆ ಕಿಡಿ ಕೊಡುವ ನಾಲ್ಕು ಕಾಯಿಲ್‌ಗಳ ವೈರನ್ನು ಅವನು ಒಂದೊಂದಾಗಿ ಕಿತ್ತು, ಕಿವಿ ತೋರಿಸಿ, ಮತ್ತೆ ಸಿಕ್ಕಿಸುತ್ತಿದ್ದ.

ಎಲ್ಲರೂ ಹೊರಗೆ ಬಂದರು. ಜಾತ್ರೆಗೆ ಕರೆಯಬೇಕೇ.

“ಶಾಕ್ ಹೊಡೆದ್ರೆ?” ಅಂದ ಗಂಡ.

“ಹೊಡೆದ್ರೆ ನಿಮ್ಮ ತಮ್ಮ ಗಾಡಿ ಓಡಿಸ್ತಾನಲ್ಲ.” ಆದರೂ ಒಳಗಿಂದ ರಬ್ಬರ್ ಕೈಗವಸು ತಂದು ಹಾಕಿಕೊಂಡಳು.

ಮೊದಲನೆಯದನ್ನು ಕಿತ್ತಳು. ಇಂಜಿನ್ ಸತ್ತೆನೋ ಎಂಬಂತೆ ಒದ್ದಾಡಿತು. ಸಿಕ್ಕಿಸಿದಳು. ಎರಡನೆಯದು, ಅದೇ ಒದ್ದಾಟ. ಮೂರನೆಯದನ್ನು ಕಿತ್ತಳು. ಇಂಜಿನ್ ಹೇಗೆ ನಡುಗುತ್ತಿತ್ತೋ ಹಾಗೇ ನಡುಗುತ್ತಿತ್ತು, ಹೆಚ್ಚಿಲ್ಲ ಕಡಿಮೆಯಿಲ್ಲ. ಖಾತ್ರಿಗೆ ನಾಲ್ಕನೆಯದನ್ನೂ ಕಿತ್ತು ನೋಡಿದಳು. ಒದ್ದಾಡಿತು.

“ಏನಂತೆ?” ಅಂದಳು ಅತ್ತೆ.

“ಕೆಲಸ ಮಾಡೋರನ್ನ ಕಿತ್ತರೆ ಇಂಜಿನ್‌ಗೆ ಗೊತ್ತಾಗುತ್ತೆ. ಕಿತ್ತರೂ ಗೊತ್ತಾಗದೇ ಇರೋನು ಕೆಲಸಗಳ್ಳ. ಮೂರನೆಯವನು.”

ಅತ್ತೆ ದೊರೆಯ ಕಡೆ ನೋಡಿದಳು. “ನಮ್ಮನೇಲೂ ಹೀಗೇ ಒಂದು ಸಾರಿ ಕಿತ್ತು ನೋಡ್ಬೇಕು.”

“ಅಮ್ಮಾ,” ಅಂದ ದೊರೆ.

ಇಂಜಿನ್ ನಿಲ್ಲಿಸಿ ಬೋಲ್ಟ್ ಬಿಚ್ಚಿ ಮೂರನೇ ಕಾಯಿಲ್ಲನ್ನು ಮೇಲಕ್ಕೆ ಎಳೆದಳು. ಕೆಸರಿನಿಂದ ಕಾಲು ಕಿತ್ತ ಸದ್ದಾಯಿತು. ಉದ್ದ ರಬ್ಬರಿನ ತುದಿಯಿಂದ ನೀರು ತೊಟ್ಟಿಕ್ಕಿತು. ಒಳಗಿನ ಸ್ಪ್ರಿಂಗು ಹಸಿರು ಕಟ್ಟಿತ್ತು. ಟಾರ್ಚ್ ಹಾಕಿ ನೋಡಿದರೆ ಪ್ಲಗ್ ಕೂರುವ ಗುಂಡಿ ಪುಟ್ಟ ಬಾವಿ. ಅದರ ತಳದಲ್ಲಿ ಪ್ಲಗ್ಗು ತುಕ್ಕು ಹಿಡಿದು ನೀರಲ್ಲಿ ಕೂತಿತ್ತು.

ಅವಳು ಬೆನ್ನು ನೆಟ್ಟಗೆ ಮಾಡಿದಳು. “ಬಾನೆಟ್ ಒಳಗೆ ನೀರು ಹೇಗೆ ಬಂತು?”

ಅಂಗಳದಲ್ಲಿ ಇನ್ನೂ ಸುತ್ತಿಡದೆ ಬಿದ್ದಿದ್ದ ಪಂಪಿನ ಕೊಳವೆಯ ಕಡೆ ನೋಡಿದಳು.

“ಮಾವ, ಪಂಪು ಇಂಜಿನ್‌ಗೂ ಬಿಡ್ತೀರಾ?”

“ಬಿಡ್ದೆ?” ಅಂದರು ಮಾವ. “ಎಣ್ಣೆ ಹಾಕೋ ಮುಚ್ಚಳದ ಪಕ್ಕ ಜಿಡ್ಡು ಕೂರುತ್ತೆ. ಅಲ್ಲೇ ಒತ್ತಿ ಬಿಡ್ತೀನಿ. ಲಾರಿಗೂ ಬಿಡ್ತಿದ್ದೆ. ದಿನಾ ಇಂಜಿನ್ ಮೇಲೆ ನೀರು ಸುರಿದು ಹೊರಟವನು ನಾನು, ಒಂದು ದಿನ ಕೆಮ್ಮಿಲ್ಲ.”

“ಅದು ಡೀಸೆಲ್ ಮಾವ. ಅದಕ್ಕೆ ಪ್ಲಗ್ಗೇ ಇಲ್ಲ, ಕಿಡಿಯೇ ಬೇಡ. ಇದು ಪೆಟ್ರೋಲು. ಕಿಡಿ ಹಾರೋ ಜಾಗಕ್ಕೆ ದಿನಾ ಬೆಳಿಗ್ಗೆ ನೀರು ತುಂಬಿ, ನನ್ನ ಕೈಗೆ ಕೀಲಿ ಕೊಟ್ಟು, ಹುಷಾರು ಅಂದಿದೀರಿ.”

“ಇಂಜಿನ್ ಇಂಜಿನ್ನೇ.”

“ಅಲ್ಲ.”

“ನನಗೆ ಹೇಳಿಕೊಡ್ತೀಯ?”

“ಹೌದು, ಹೇಳಿಕೊಡ್ತಿದೀನಿ. ನೀವು ಊರಿಗೆಲ್ಲ ನನ್ನ ಕಾಲು ಸರಿಯಿಲ್ಲ ಅಂತ ಹೇಳ್ಕೊಂಡು ಬಂದ್ರಲ್ಲ, ನಾನು ಈ ಅಂಗಳದಲ್ಲಿ ಇಷ್ಟೂ ಹೇಳ್ಬಾರ್ದಾ?”

ಮಾವ ಮುಖ ಕೆಂಪಗೆ ಮಾಡಿಕೊಂಡು ಒಳಗೆ ಹೋದರು. ಬಾಗಿಲು ಸದ್ದು ಮಾಡಿತು. ಅತ್ತೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಅಲ್ಲೇ ನಿಂತಿದ್ದಳು.

“ನಾನು ನೋಡ್ತಿದ್ದೆ,” ಅಂದಳು ಕೊನೆಗೆ. “ಕಿಟಕಿಯಿಂದ. ಪಂಪು ಬಂದಾಗಿನಿಂದ ಬಾನೆಟ್ ಎತ್ತಿ ಬಿಡ್ತಾರೆ. ಜ್ವರದ ವಾರ ನೀನು ಹೇಳಿದೆಯಲ್ಲ, ಆವಾಗ ನಂಗೆ ಅನ್ನಿಸ್ತು, ಇದೇ ಇರಬೇಕು ಅಂತ.”

“ಅನ್ನಿಸಿದ ಮೇಲೂ ಸುಮ್ಮನಿದ್ರಾ ಅತ್ತೆ?”

“ಬೆಳಿಗ್ಗೆ ಅಷ್ಟು ಹೊತ್ತು ಅವರು ಹೊರಗಿದ್ರೆ ನಾನು ಉಸಿರಾಡ್ತೀನಿ ಕಣೆ. ಅದೊಂದನ್ನೂ ಬಿಡಿಸಿದ್ರೆ ಇಡೀ ದಿನ ನನ್ನ ಬೆನ್ನ ಹಿಂದೆ ನಿಂತು ಒಲೆ ಹೇಗೆ ಹಚ್ಚಬೇಕು ಅಂತ ಹೇಳಿಕೊಡ್ತಾರೆ.”

“ನಿಮ್ಮ ಉಸಿರಿಗೆ ನನ್ನ ಕೆಲಸ ಹೋಯ್ತು.”

ಅತ್ತೆ ಇಲ್ಲ ಅನ್ನಲಿಲ್ಲ. ಅದಕ್ಕೇ ಸೊಸೆಗೆ ಇನ್ನೂ ಸಿಟ್ಟು ಬಂತು. ಜಗಳವಾಡಿದ್ದರೆ ಜಗಳವನ್ನಾದರೂ ಮುಗಿಸಬಹುದಿತ್ತು.

ಕೆಲಸ ಮಾತ್ರ ನಿಲ್ಲಿಸಲಿಲ್ಲ. ಪ್ಲಗ್ ಬಿಚ್ಚುವ ಮೊದಲು ಗುಂಡಿ ಒಣಗಬೇಕು, ಇಲ್ಲವಾದರೆ ನೀರು ಸಿಲಿಂಡರ್ ಒಳಕ್ಕೇ ಇಳಿಯುತ್ತೆ. ಗಂಡನ ಬುಟ್ಟಿಯಿಂದ ಚೂರು ಬಟ್ಟೆ ಎಳೆದು ಕಡ್ಡಿಗೆ ಸುತ್ತಿ ಹೀರಿಸಿದಳು. ಆಮೇಲೆ ದೊರೆಯ ಮುಂದೆ ಕೈ ಚಾಚಿದಳು.

“ತಾ.”

“ಏನು?”

“ಕೂದಲು ಒಣಗಿಸೋ ಮಿಷನ್ನು. ಪಂಪು ತಂದವನು ನೀನು, ನೀರೂ ನೀನೇ ಒಣಗಿಸು.”

ದೊರೆ ಅಂಗಳದಲ್ಲಿ ಬಗ್ಗಿ ನಿಂತು ಇಂಜಿನ್ನಿನ ತಲೆ ಒಣಗಿಸಿದ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಮೊಟ್ಟೆ ಗಾಡಿ ಓಡಿಸಿದ್ದರೂ ಅಷ್ಟು ಜನ ನಗುತ್ತಿರಲಿಲ್ಲ.

ಗಾಡಿಯ ಟೂಲ್ ಡಬ್ಬಿಯಲ್ಲಿದ್ದ ಹೊಸ ಪ್ಲಗ್ ಹಾಕಿದರೂ ನಡುಕ ಪೂರ್ತಿ ಹೋಗಲಿಲ್ಲ. ಆಗ ಅವಳು ಮೂರರ ಕಾಯಿಲ್ಲನ್ನು ನಾಲ್ಕಕ್ಕೆ, ನಾಲ್ಕರದನ್ನು ಮೂರಕ್ಕೆ ಹಾಕಿ ಮತ್ತೆ ಒಂದೊಂದೇ ವೈರು ಕಿತ್ತು ನೋಡಿದಳು. ಈಗ ಕೆಲಸಗಳ್ಳ ನಾಲ್ಕನೆಯವನು. ಅಲ್ಲಿಗೆ ಆ ಕಾಯಿಲ್ಲೂ ನೀರು ಕುಡಿದು ಸತ್ತಿದೆ ಅಂತ ಖಚಿತ. ಗಂಡನೇ ಹೋಗಿ ಹೊಸದು ತಂದ. ರಸ್ತೆ ದಾಟುವಾಗ ಎರಡೂ ಕಡೆ ಎಷ್ಟು ಸಾರಿ ನೋಡಿದನೋ, ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಹಾಕಿ ಚಾಲೂ ಮಾಡಿದಳು. ಹಳದಿ ದೀಪದ ಮಿಟುಕು ನಿಂತಿತು. ಇಂಜಿನ್ ನುಣ್ಣಗೆ, ಒಂದೇ ಸಮ, ತನಗೇನೂ ಆಗಿಯೇ ಇರಲಿಲ್ಲ ಅನ್ನುವ ಹಾಗೆ ಓಡಿತು.

“ಮುಗೀತಲ್ಲ,” ಅಂದ ಗಂಡ, ಹಗುರಾಗಿ.

“ಗಾಡೀದು ಮುಗೀತು.”

ಆ ಸಂಜೆ ಮಾವ ಊಟಕ್ಕೆ ಕೂತಾಗ ಅವಳು ಎದುರಿಗೆ ಬಂದು ನಿಂತಳು.

“ನಾಳೆ ಬೆಳಿಗ್ಗೆ ಫಾರಮ್ಮಿಗೆ ನೀವು ನನ್ನ ಜೊತೆ ಬರ್ಬೇಕು. ಎಲ್ಲಿ ಹೇಳಿದ್ರೋ ಅಲ್ಲೇ ಬಂದು ಹೇಳ್ಬೇಕು.”

“ಫೋನ್ ಮಾಡ್ತೀನಿ.”

“ಫೋನಲ್ಲಿ ಹೇಳೋದು ನಿಮಗೆ ಸುಲಭ, ನೋಡಿದೀನಿ. ಎದುರಿಗೆ ನಿಂತು ಹೇಳಿ.”

“ಸೊಸೆ ಮುಂದೆ, ಹೊರಗಿನವರ ಮುಂದೆ, ಈ ವಯಸ್ಸಲ್ಲಿ ನಾನು ತಲೆ ತಗ್ಗಿಸ್ಬೇಕಾ?”

“ನಾನು ತಗ್ಗಿಸಿದ್ದೆನಲ್ಲ ಮಾವ, ಅಂಗಡಿ ಅಂಗಡೀಲಿ. ನನ್ನ ಕುತ್ತಿಗೆ ಏನು ರಬ್ಬರಿನದಾ?”

ಮಾವ ತಟ್ಟೆ ತಳ್ಳಿ ಎದ್ದರು. ಯಾರೂ ಕರೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೋಣೆಯಿಂದ, “ಒಂದು ಲೋಟ ನೀರು ಕೊಡೋರೂ ಇಲ್ವಾ?” ಅಂತ ದನಿ ಬಂತು.

ಅತ್ತೆ ಕೂತಲ್ಲಿಂದಲೇ ಹೇಳಿದಳು. “ನೀರು ಇಂಜಿನ್‌ಗೇ ಹಾಕಿ ಮುಗಿಸಿದ್ರಲ್ಲ. ನಾಳೆ ಹೋಗಿ ಬನ್ನಿ. ನೋಡಿ ಸುಮ್ಮನಿದ್ದವಳು ನಾನು, ನನ್ನ ಪಾಲಿಂದು ನಾನು ಅವಳ ಹತ್ರ ಅನ್ನಿಸ್ಕೊಂಡೆ. ನಿಮ್ಮ ಪಾಲಿಂದು ನೀವು ಅನ್ನಿಸ್ಕೊಳ್ಳಿ.”

ಸೋಮವಾರ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಯಾರದೋ ಸಾವಿಗೆ ಹೊರಟವರ ಮುಖ ಮಾಡಿಕೊಂಡು ಪಕ್ಕದ ಸೀಟಿನಲ್ಲಿ ಕೂತರು. ಶಾಲೆಯ ಏರು ಬಂತು, ಗಾಡಿ ಒಂದೇ ಉಸಿರಿಗೆ ಹತ್ತಿತು. ಮಾವ ಕಿಟಕಿಯ ಆಚೆ ನೋಡಿದರು.

ಫಾರಮ್ಮಿನಲ್ಲಿ ಲೋಡು ಎತ್ತುವವರು ನಾಲ್ಕೈದು ಜನ ಇದ್ದರು. ಅಕ್ಕ ಟ್ರೇ ಎಣಿಸುತ್ತಿದ್ದವಳು ತಲೆ ಎತ್ತಿದಳು. “ಏನಣ್ಣ, ಮಗ ಎಲ್ಲಿ?”

“ಮಗ ಬರಲ್ಲ. ಗಾಡೀಲೇ ಸ್ವಲ್ಪ ತೊಂದರೆ ಇತ್ತು. ಸರಿ ಆಯ್ತು. ಇವಳೇ ಬರ್ತಾಳೆ,” ಅಂದು ಮಾವ ಗಾಡಿಯ ಬಾಗಿಲಿಗೆ ಕೈ ಹಾಕಿದರು.

ಸೊಸೆ ಬಾಗಿಲಿಗೆ ಅಡ್ಡ ನಿಂತಳು. “ಪೂರ್ತಿ ಹೇಳಿ ಮಾವ.”

“ಹೇಳಿದೆನಲ್ಲ.”

“ಏನು ತೊಂದರೆ ಅಂತ ಹೇಳ್ಲಿಲ್ಲ.”

“ಪ್ಲಗ್ಗಿಗೆ ನೀರು ಹೋಗಿತ್ತು,” ಅಂದರು ಮಾವ, ಅಕ್ಕನಿಗಲ್ಲ, ನೆಲಕ್ಕೆ.

“ಅಯ್ಯೋ, ನೀರು ಯಾರು ಬಿಟ್ರು?” ಅಂದಳು ಅಕ್ಕ.

“ಮನೇಲಿ ಯಾರೋ ತೊಳೆಯುವಾಗ...”

“ಯಾರೋ ಅಲ್ಲ,” ಅಂದಳು ಸೊಸೆ. ದನಿ ಏರಿಸಲಿಲ್ಲ. ಆದರೆ ಲೋಡು ಎತ್ತುವವರು ಎತ್ತುವುದನ್ನು ನಿಲ್ಲಿಸಿದರು.

ಮಾವ ಅವಳನ್ನು ನೋಡಿದರು. ಅವಳು ನೋಟ ಕದಲಿಸಲಿಲ್ಲ. ಕೋಳಿಗಳ ಗಲಾಟೆ ಅಷ್ಟು ಜೋರಾಗಿ ಅವಳಿಗೆ ಯಾವತ್ತೂ ಕೇಳಿಸಿರಲಿಲ್ಲ.

“ನಾನು,” ಅಂದರು ಮಾವ. “ನಾನೇ ಬಿಟ್ಟದ್ದು. ದಿನಾ ಬಿಟ್ಟೆ. ಇವಳ ಕಾಲಲ್ಲೂ ತಪ್ಪಿರ್ಲಿಲ್ಲ, ಕೈಯಲ್ಲೂ ಇರ್ಲಿಲ್ಲ. ಸಾಕಾ?” ಕೊನೆಯ ಮಾತು ಅಕ್ಕನಿಗೋ ಸೊಸೆಗೋ ಗೊತ್ತಾಗಲಿಲ್ಲ.

ಅಕ್ಕ ಒಂದು ಕ್ಷಣ ಇಬ್ಬರನ್ನೂ ನೋಡಿದಳು. ನಕ್ಕರೆ ಕೆಟ್ಟೆ ಅಂತ ಗೊತ್ತಿರುವವಳು, ನಗಲಿಲ್ಲ. “ಅವಳ ಲೋಡು ಎತ್ರೋ,” ಅಂದಳು ಆಳುಗಳಿಗೆ. “ದೂರದ ಅಂಗಡಿಗಳದ್ದೂ.”

ತುಂಬಿದ ಗಾಡಿ ರಸ್ತೆಗೆ ಬಂತು. ಸೊಸೆಯ ಸಿಟ್ಟು ಇಳಿದಿರಲಿಲ್ಲ, ಎಲ್ಲಿ ಇಳಿಯಬೇಕೋ ಅದಕ್ಕೇ ಗೊತ್ತಾಗದೆ ಕುತ್ತಿಗೆಯಲ್ಲಿ ಕೂತಿತ್ತು. ಮಾವ ಅಂಗಿಯ ಗುಂಡಿ ಬಿಚ್ಚಿದರು, ಹಾಕಿದರು. ಎರಡು ತಿರುವು ಕಳೆದ ಮೇಲೆ ಗಂಟಲು ಸರಿಮಾಡಿಕೊಂಡರು.

“ನೀನು ಗೇರು ಸ್ವಲ್ಪ ಬೇಗ ಬದಲಾಯಿಸ್ತೀಯ.”

ಸೊಸೆ ವೇಗ ತಗ್ಗಿಸಿ ಗಾಡಿಯನ್ನು ರಸ್ತೆಯ ಅಂಚಿಗೆ ತಂದಳು. ಟ್ರೇಗಳು ಅಲುಗಾಡದ ಹಾಗೆ ಮೆಲ್ಲಗೆ ನಿಲ್ಲಿಸಿದಳು. ಮುಂದಕ್ಕೇ ನೋಡುತ್ತ ಕೇಳಿದಳು.

“ನಡ್ಕೊಂಡು ಬರ್ತೀರಾ ಮಾವ?”

ಮಾವ ಮುಂದಿನ ರಸ್ತೆ ನೋಡಿದರು, ಬಿಸಿಲು ನೋಡಿದರು. ಕಿಟಕಿಯ ಗಾಜು ಏರಿಸಿಕೊಂಡು ಸುಮ್ಮನೆ ಕೂತರು. ಅವಳು ಕನ್ನಡಿ ನೋಡಿ, ತನಗೆ ಬೇಕೆನಿಸಿದ ಹೊತ್ತಿಗೆ ಗೇರು ಬದಲಾಯಿಸಿದಳು.